ಪರದೆ ಯಾರಿಗೆ ಕಾಣುತ್ತದೆ? ತರಗತಿಯ ತಂತ್ರಜ್ಞಾನ ಮತ್ತು ಕನ್ನಡದ ಮಕ್ಕಳು

(ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಕನ್ನಡ ಓದುಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಈ ಸಂಜೆಗೆ ನನಗೆ ಕೊಟ್ಟಿರುವ ವಿಷಯ ‘ಭಿನ್ನ ಕಲಿಕೆಯ ಅಗತ್ಯಗಳಿರುವ ಮಕ್ಕಳನ್ನು ತಲುಪಲು ತಂತ್ರಜ್ಞಾನ’. ಅದರಲ್ಲಿ ‘ತಂತ್ರಜ್ಞಾನ’ ಎಂಬ ಪದ ಇಲ್ಲದಿದ್ದರೆ ಇಷ್ಟು ಕುರ್ಚಿಗಳು ತುಂಬುತ್ತಿರಲಿಲ್ಲ ಎಂಬ ಗುಮಾನಿ ನನ್ನದು. ಇಲ್ಲಿರುವ ಹೆಚ್ಚಿನವರಿಗೆ ಅನ್ನ ಕೊಡುತ್ತಿರುವುದು ಅದೇ. ಹಾಗಾಗಿ ತಂತ್ರಜ್ಞಾನ ಎಂದರೇನೆಂದು ನಿಮಗೆ ವಿವರಿಸುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ. ನನಗೆ ಮಾತನಾಡಬೇಕಿರುವುದು ಶೀರ್ಷಿಕೆಯ ಉಳಿದ ಪದಗಳ ಬಗ್ಗೆ. ಭಿನ್ನ ಎಂದರೆ ಯಾರಿಗಿಂತ ಭಿನ್ನ? ತಲುಪುವುದು ಎಂದರೆ ಯಾರು ಎಲ್ಲಿಂದ ಹೊರಟು ಎಲ್ಲಿಗೆ ಬರಬೇಕು?

ನಾವು ಓದಿದ ಶಾಲೆಗಳಲ್ಲಿ ಈ ಪ್ರಶ್ನೆಗಳಿಗೆ ಸಿದ್ಧ ಉತ್ತರವಿತ್ತು. ಜಾಣರು ಮುಂದಿನ ಸಾಲಿಗೆ, ದಡ್ಡರು ಹಿಂದಿನ ಸಾಲಿಗೆ. ‘ದಡ್ಡ’ ಎಂಬುದು ನಮ್ಮ ಶಾಲೆಗಳು ಕಂಡುಹಿಡಿದ ಅತ್ಯಂತ ಅಗ್ಗದ ರೋಗನಿರ್ಣಯ. ಒಂದೇ ಪದ, ಒಂದೇ ಕ್ಷಣ, ಮೇಲ್ಮನವಿಗೆ ಅವಕಾಶವಿಲ್ಲ. ಆ ಒಂದು ಪದದೊಳಗೆ ಹಲಗೆಯ ಮೇಲಿನ ಬರಹ ಕಾಣದ ಮಗು, ಮೇಷ್ಟ್ರ ಮಾತು ಅರೆಬರೆ ಕೇಳಿಸುವ ಮಗು, ಅಕ್ಷರಗಳನ್ನು ಧ್ವನಿಯಾಗಿಸಲು ಹೆಣಗುವ ಮಗು, ಹತ್ತು ನಿಮಿಷ ಒಂದೆಡೆ ಕೂರಲಾಗದ ಮಗು, ಮನೆಯಲ್ಲಿ ಲಂಬಾಣಿಯನ್ನೋ ತುಳುವನ್ನೋ ಉರ್ದುವನ್ನೋ ಆಡುವ ಮಗು, ಬೆಳಗ್ಗೆ ಏನೂ ತಿನ್ನದೆ ಬಂದ ಮಗು, ಎಲ್ಲರೂ ಹಿಡಿಸುತ್ತಿದ್ದರು. ಆ ಹಿಂದಿನ ಸಾಲಿನಲ್ಲಿ ಯಾವ ಕೇರಿಯ ಮಕ್ಕಳು ಹೆಚ್ಚಾಗಿದ್ದರೆಂದು ನೆನಪಿಸಿಕೊಳ್ಳಲು ನಮಗಾರಿಗೂ ಕಷ್ಟವಾಗಲಾರದು. ಇಂದು ಈ ಸಭಾಂಗಣದಲ್ಲಿ ಕುಳಿತಿರುವ ನಾವು ಬಹುತೇಕ ಮುಂದಿನ ಸಾಲಿನವರು ಎಂಬುದನ್ನೂ ಮರೆಯುವುದು ಬೇಡ.

ಈಗ ನಾವಿರುವ ಊರಿನ ಚರಿತ್ರೆಗೆ ಬರುತ್ತೇನೆ. ಇಲ್ಲಿಂದ ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋದ ಸಿವಿಕ್ ಸೆಂಟರ್ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಯುನೈಟೆಡ್ ನೇಷನ್ಸ್ ಪ್ಲಾಜಾ. ಅಲ್ಲಿನ 50ನೇ ಸಂಖ್ಯೆಯ ಕಟ್ಟಡದಲ್ಲಿ ಆಗ ಆರೋಗ್ಯ ಮತ್ತು ಶಿಕ್ಷಣ ಇಲಾಖೆಯ ಕಚೇರಿಯಿತ್ತು. 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್, ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರ ವಿರುದ್ಧ ತಾರತಮ್ಯ ಮಾಡಬಾರದೆಂದು ಹೇಳಿತ್ತು. ಆದರೆ ಅದನ್ನು ಜಾರಿಗೆ ತರುವ ನಿಯಮಗಳಿಗೆ ನಾಲ್ಕು ವರ್ಷವಾದರೂ ಯಾರೂ ಸಹಿ ಹಾಕಲಿಲ್ಲ. 1977ರ ಏಪ್ರಿಲ್ 5ರಂದು ನೂರಕ್ಕೂ ಹೆಚ್ಚು ಅಂಗವಿಕಲರು ಆ ಕಟ್ಟಡದೊಳಗೆ ಹೋಗಿ ಕುಳಿತರು. ಗಾಲಿಕುರ್ಚಿಯವರು, ಕುರುಡರು, ಕಿವುಡರು, ರಾತ್ರಿ ಮಗ್ಗುಲು ಬದಲಿಸಲೂ ಇನ್ನೊಬ್ಬರ ಸಹಾಯ ಬೇಕಾದವರು. ಮೂರು ವಾರಕ್ಕೂ ಹೆಚ್ಚು ಕಾಲ ಅವರು ಏಳಲಿಲ್ಲ. ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ದಿನವೂ ಬಿಸಿಯೂಟ ತಂದು ಬಡಿಸಿದರು. ಆ ಪಕ್ಷದ ಬ್ರ್ಯಾಡ್ ಲೋಮ್ಯಾಕ್ಸ್ ಸ್ವತಃ ಗಾಲಿಕುರ್ಚಿಯಲ್ಲಿದ್ದ ಚಳವಳಿಗಾರ. ಮುಂದಾಳುಗಳಲ್ಲಿ ಒಬ್ಬರಾದ ಜೂಡಿ ಹ್ಯೂಮನ್ ಅವರನ್ನು ಬಾಲ್ಯದಲ್ಲಿ ನ್ಯೂಯಾರ್ಕಿನ ಶಾಲೆಯೊಂದು, ಗಾಲಿಕುರ್ಚಿಯಿಂದ ಬೆಂಕಿಯ ಅನಾಹುತವಾದೀತು ಎಂಬ ಕಾರಣ ಕೊಟ್ಟು ಸೇರಿಸಿಕೊಳ್ಳಲು ನಿರಾಕರಿಸಿತ್ತು. ಏಪ್ರಿಲ್ 28ರಂದು ಸಹಿ ಬಿತ್ತು.

ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ನಮ್ಮಲ್ಲಿ ಅನೇಕರ ಮಕ್ಕಳು ಇಲ್ಲಿನ ಸಾರ್ವಜನಿಕ ಶಾಲೆಗಳಲ್ಲಿ ಐಇಪಿ ಅಥವಾ 504 ಯೋಜನೆಯ ಅಡಿಯಲ್ಲಿ ಓದುತ್ತಿದ್ದಾರೆ. ಪರೀಕ್ಷೆಗೆ ಹೆಚ್ಚುವರಿ ಸಮಯ, ಪಠ್ಯವನ್ನು ಗಟ್ಟಿಯಾಗಿ ಓದುವ ತಂತ್ರಾಂಶ, ಬರೆಯುವ ಬದಲು ಮಾತನಾಡಿ ಉತ್ತರಿಸುವ ಅವಕಾಶ, ಮಾತಿನ ಚಿಕಿತ್ಸಕರು, ಇವೆಲ್ಲ ಸಿಗುತ್ತಿವೆ. ಈ ದೇಶದ ‘ಸಿಸ್ಟಮ್’ ಚೆನ್ನಾಗಿದೆ ಎಂದು ನಾವು ಊರಿನವರಿಗೆ ಫೋನಿನಲ್ಲಿ ಹೇಳುತ್ತೇವೆ. ಸಿಸ್ಟಮ್ ತಾನಾಗಿ ಚೆನ್ನಾಗಲಿಲ್ಲ. 1975ರಲ್ಲಿ ಎಲ್ಲ ಅಂಗವಿಕಲ ಮಕ್ಕಳಿಗೂ ಶಿಕ್ಷಣದ ಹಕ್ಕನ್ನು ಕೊಟ್ಟ ಕಾನೂನು ಬರುವವರೆಗೆ, ಇಂಥ ಮಕ್ಕಳನ್ನು ಶಾಲೆಯಿಂದ ಹೊರಗಿಡಲು ಇಲ್ಲಿನ ಅನೇಕ ರಾಜ್ಯಗಳ ಕಾನೂನೇ ಅನುಮತಿ ಕೊಟ್ಟಿತ್ತು. ಆ ಕಾಯ್ದೆ ಹೊರಿಸುವ ಹೆಚ್ಚುವರಿ ವೆಚ್ಚದ ಲೆಕ್ಕದಲ್ಲಿ ಶೇ. 40ರಷ್ಟನ್ನು ಕೊಡುತ್ತೇನೆಂದ ಕೇಂದ್ರ ಸರ್ಕಾರ ಇಂದಿನವರೆಗೆ ಒಂದು ವರ್ಷವೂ ಆ ಮಾತು ಉಳಿಸಿಕೊಂಡಿಲ್ಲ. 2025ರ ಮಾರ್ಚ್‌ನಲ್ಲಿ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ವಿಭಾಗದ 12 ಪ್ರಾದೇಶಿಕ ಕಚೇರಿಗಳ ಪೈಕಿ 7ನ್ನು ಮುಚ್ಚುವುದಾಗಿ ಪ್ರಕಟವಾಯಿತು. ಆ ಏಳರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಚೇರಿಯೂ ಒಂದು. ಮಗುವಿಗೆ ಸಿಗಬೇಕಾದದ್ದು ಸಿಗಲಿಲ್ಲವೆಂದರೆ ಪೋಷಕರು ದೂರು ಕೊಡುತ್ತಿದ್ದ ಬಾಗಿಲು ಅದು. ಅದೇ ತಿಂಗಳು ಇಲಾಖೆಯನ್ನೇ ಮುಚ್ಚುವತ್ತ ಅಧ್ಯಕ್ಷರ ಆದೇಶವೂ ಹೊರಬಿತ್ತು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಆ ವಾರ ಯುಗಾದಿ ಊಟದ ಚರ್ಚೆ ನಡೆಯುತ್ತಿತ್ತು.

ಮೌನದ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ಐಇಪಿ ಸಭೆಯಲ್ಲಿ ಮಗುವಿನ ಹಕ್ಕಿಗಾಗಿ ವಕೀಲರಂತೆ ವಾದಿಸುವ ತಂದೆತಾಯಿ, ರಜೆಗೆ ಊರಿಗೆ ಹೋದಾಗ ಅದೇ ಮಗುವಿನ ವಿಷಯವನ್ನು ಅಜ್ಜಿತಾತಂದಿರಿಂದ ಮುಚ್ಚಿಡುತ್ತಾರೆ. ‘ಅವನು ಸ್ವಲ್ಪ ನಾಚಿಕೆಯ ಸ್ವಭಾವದವನು’ ಎಂದು ತೇಲಿಸುತ್ತಾರೆ. ತಂಗಿಯ ಮದುವೆಗೆ ಅಡ್ಡಿಯಾದೀತೆಂಬ ಲೆಕ್ಕ ಅದರ ಹಿಂದೆ ಇರುತ್ತದೆ. ಇದು ವೈಯಕ್ತಿಕ ದೌರ್ಬಲ್ಯವೆಂದು ನಾನು ದೂರುವುದಿಲ್ಲ. ರಕ್ತಶುದ್ಧಿಯ ಮೇಲೆ ನಿಂತ ಮದುವೆಯ ಮಾರುಕಟ್ಟೆ ಇಂಥ ಮೌನವನ್ನು ಬಯಸುತ್ತದೆ. ಆದರೆ ಇಲ್ಲಿ ಹಕ್ಕು, ಅಲ್ಲಿ ಅವಮಾನ ಎಂದು ಒಂದೇ ಮಗುವನ್ನು ಎರಡು ಭಾಗ ಮಾಡಿದವರು ಊರಿನ ಶಾಲೆಗೆ ತಂತ್ರಜ್ಞಾನ ಕೊಡಿಸಲು ಹೊರಟಾಗ ಏನಾಗುತ್ತದೆ ಎಂಬುದನ್ನು ನೋಡಬೇಕು.

ಆಗುವುದು ಇದು: ‘ಸ್ಮಾರ್ಟ್ ಕ್ಲಾಸ್’. ಹಳೆಯ ವಿದ್ಯಾರ್ಥಿಗಳು ಡಾಲರಿನಲ್ಲಿ ಹಣ ಕೂಡಿಸುತ್ತಾರೆ, ಗೋಡೆಗೆ ದೊಡ್ಡದೊಂದು ಪರದೆ ಬರುತ್ತದೆ, ಶಾಸಕರು ರಿಬ್ಬನ್ ಕತ್ತರಿಸುತ್ತಾರೆ, ದಾನಿಗಳ ಹೆಸರಿನ ಕಲ್ಲು ಪರದೆಗಿಂತ ಗಟ್ಟಿಯಾಗಿ ನಿಲ್ಲುತ್ತದೆ. ನಾನು ಕಂಡ ಇಂಥ ಶಾಲೆಯೊಂದರಲ್ಲಿ ಪರದೆಗೆ ಧೂಳು ಕೂರದಂತೆ ಹೂವಿನ ಚಿತ್ರದ ಹೊದಿಕೆ ಹೊಲಿಸಿದ್ದರು. ಮೇಷ್ಟ್ರು ನನ್ನ ಎದುರು ಬಹಳ ಗೌರವದಿಂದ ಆ ಹೊದಿಕೆ ತೆಗೆದರು. ಪಾಠ ಓಡಿತು. ಬಣ್ಣಬಣ್ಣದ ಚಿತ್ರ, ವೇಗದ ಮಾತು. ಮೂರನೆಯ ಸಾಲಿನ ಆಚೆಗಿದ್ದ ಮಕ್ಕಳಿಗೆ ಕಿಟಕಿಯ ಬೆಳಕಿನಿಂದಾಗಿ ಪರದೆ ಕಾಣುತ್ತಿರಲಿಲ್ಲ. ಮಾತಿಗೆ ಅಡಿಬರಹವಿರಲಿಲ್ಲ. ಪಾಠ ನಿಲ್ಲಿಸಿ ಮತ್ತೆ ತೋರಿಸಿ ಎಂದು ಕೇಳುವ ಧೈರ್ಯ ಯಾವ ಮಗುವಿಗೂ ಇರಲಿಲ್ಲ. ಎಲ್ಲರಿಗೂ ಒಂದೇ ಪುಟ, ಒಂದೇ ದಿನ, ಒಂದೇ ವೇಗ ಎಂಬ ಹಳೆಯ ತರಗತಿಯೇ ವಿದ್ಯುತ್ ಸಂಪರ್ಕದೊಂದಿಗೆ ಮರಳಿ ಬಂದಿತ್ತು.

ಇದಕ್ಕೆ ಪರ್ಯಾಯ ಎಲ್ಲಿದೆ ಎಂದು ಹುಡುಕುವವರು ಸಾಮಾನ್ಯವಾಗಿ ಮ್ಯಾಸಚೂಸೆಟ್ಸ್ ಕಡೆಗೆ ನೋಡುತ್ತಾರೆ. ಅಲ್ಲಿ 1984ರಲ್ಲಿ ಹುಟ್ಟಿದ ಕಾಸ್ಟ್ ಎಂಬ ಸಂಸ್ಥೆ ‘ಕಲಿಕೆಯ ಸಾರ್ವತ್ರಿಕ ವಿನ್ಯಾಸ’ ಎಂಬ ಚಿಂತನೆಯನ್ನು ಬೆಳೆಸಿತು. ಅದರ ತಿರುಳು ಸರಳ: ಪಾಠವನ್ನು ‘ಸರಾಸರಿ’ ಮಗುವಿಗೆಂದು ರೂಪಿಸಿ ಆಮೇಲೆ ಉಳಿದವರಿಗೆ ತೇಪೆ ಹಚ್ಚುವ ಬದಲು, ಮೊದಲಿಗೇ ಹಲವು ದಾರಿಗಳಿಂದ ಒಳಬರುವಂತೆ ರೂಪಿಸಿ. ಒಳ್ಳೆಯ ಚಿಂತನೆ, ನನ್ನ ಸ್ವಂತ ಸಂಶೋಧನೆಗೆ ಅದರ ಋಣವಿದೆ. ಆದರೆ ಅದೇ ತಿರುಳನ್ನು ಮುಟ್ಟಿದ ಪ್ರಯೋಗವೊಂದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲೇ ಆರಂಭವಾಗಿತ್ತು. ಅದು ನಲಿ-ಕಲಿ.

ಯುನಿಸೆಫ್‌ನ ನೆರವಿನೊಂದಿಗೆ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಬಹುವರ್ಗ ಬೋಧನೆಯನ್ನು ನೋಡಿ ಬಂದು ತಮ್ಮದೇ ಸಾಮಗ್ರಿ ಮಾಡಿಕೊಂಡರು. ಪಠ್ಯಪುಸ್ತಕದ ಜಾಗದಲ್ಲಿ ಕಾರ್ಡುಗಳು ಬಂದವು. ಗೋಡೆಯ ಮೇಲೆ ಕಲಿಕಾ ಏಣಿ. ಮಗು ತಾನಿರುವ ಮೆಟ್ಟಿಲನ್ನು ತಾನೇ ಗುರುತಿಸಿ ತನ್ನ ಕಾರ್ಡನ್ನು ತಾನೇ ಎತ್ತಿಕೊಳ್ಳುತ್ತದೆ. ಶಿಕ್ಷಕರ ಪೂರ್ಣ ಬೆಂಬಲ ಬೇಕಾದ ಮಕ್ಕಳದ್ದು ಒಂದು ಗುಂಪು, ಸಹಪಾಠಿಯ ಬೆಂಬಲ ಸಾಕಾದವರದ್ದು ಇನ್ನೊಂದು, ಸ್ವತಃ ಕಲಿಯುವವರದ್ದು ಮತ್ತೊಂದು. ಜ್ವರ ಬಂದು ಹದಿನೈದು ದಿನ ತಪ್ಪಿಸಿಕೊಂಡ ಮಗು ಮರಳಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಕೂಲಿಗಾಗಿ ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ಇದು ಎಷ್ಟು ದೊಡ್ಡ ಸಂಗತಿ ಎಂಬುದನ್ನು ಯೋಚಿಸಿ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ, ತಲೆಯ ಮೇಲೆ ಮಕ್ಕಳ ಕೆಲಸವನ್ನು ತೂಗುಹಾಕುವ ದಾರದ ಚಪ್ಪರ. ರಟ್ಟು, ದಾರ, ಬಣ್ಣ. ನನ್ನ ಮಟ್ಟಿಗೆ ಇದು ಅಪ್ಪಟ ತರಗತಿ ತಂತ್ರಜ್ಞಾನ. ಈಗಿನ ಆ್ಯಪ್‌ಗಳು ‘ವೈಯಕ್ತಿಕ ಕಲಿಕೆಯ ಪಥ’ ಎಂದು ಮಾರುತ್ತಿರುವುದನ್ನು ಸರ್ಕಾರಿ ಶಾಲೆಯ ಶಿಕ್ಷಕರು ರಟ್ಟಿನಲ್ಲಿ ಕತ್ತರಿಸಿ ಮಾಡಿದ್ದರು.

ಅಕ್ಷರಗಳ ಕ್ರಮವನ್ನೂ ಅವರು ಮುರಿದರು. ಅ ಆ ಇ ಈ ಎಂದು ವರ್ಣಮಾಲೆಯ ಸಾಲು ಹಿಡಿಯದೆ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಶುರು. ಈ ಐದು ಬಂದರೆ ಮಗು ಸರ, ಅಗಸ, ಅರಸ, ಗರಗಸ ಎಂದು ಪದ ಓದಬಲ್ಲದು. ವರ್ಣಮಾಲೆಯ ಕ್ರಮ ವೈಯಾಕರಣಿಗೆ ಸುಂದರ. ಬಾಯಿಯೊಳಗೆ ಧ್ವನಿ ಹುಟ್ಟುವ ಜಾಗದ ನಕ್ಷೆ ಅದು. ಆರು ವರ್ಷದ ಮಗುವಿಗೆ ಬೇಕಾದದ್ದು ಬೇಗನೆ ಓದಲು ಸಿಗುವ ಒಂದು ಪದ. ಸಂಸ್ಕೃತ ಪರಂಪರೆಯ ಕ್ರಮವನ್ನು ಪಕ್ಕಕ್ಕಿಟ್ಟ ಈ ತೀರ್ಮಾನವನ್ನು ನಾನು ರಾಜಕೀಯ ತೀರ್ಮಾನವೆಂದೇ ಓದುತ್ತೇನೆ, ಮಾಡಿದವರು ಹಾಗೆಂದುಕೊಂಡಿರಲಿ ಬಿಡಲಿ.

2009-10ರಲ್ಲಿ ನಲಿ-ಕಲಿಯನ್ನು ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಲಾಯಿತು. ಕೆಳಗಿನಿಂದ ಬೆಳೆದದ್ದು ಮೇಲಿನಿಂದ ಇಳಿಯತೊಡಗಿದಾಗ ಆಗುವುದೇ ಇಲ್ಲಿಯೂ ಆಯಿತು. ಕಾರ್ಡು ತಾವೇ ಮಾಡಿದ ಶಿಕ್ಷಕರಿಗೆ ಅದರ ತರ್ಕ ಗೊತ್ತಿತ್ತು. ಪೆಟ್ಟಿಗೆಯಲ್ಲಿ ಬಂದ ಕಾರ್ಡನ್ನು ಪಡೆದವರಿಗೆ ಅದು ತುಂಬಬೇಕಾದ ಇನ್ನೊಂದು ನಮೂನೆಯಾಯಿತು. ಪೋಷಕರು ‘ಮಗು ಬರೀ ಆಡಿಕೊಂಡಿದೆ’ ಎಂದು ಖಾಸಗಿ ಇಂಗ್ಲಿಷ್ ಶಾಲೆಗೆ ನಡೆದರು. ಆದರೂ ಈ ಅನುಭವವನ್ನು ಬದಿಗಿಟ್ಟು ಶೂನ್ಯದಿಂದ ಶುರುಮಾಡುವವರ ಬಗ್ಗೆ ನನಗೆ ತಾಳ್ಮೆ ಕಡಿಮೆ.

ಈಗ ಕನ್ನಡ ಲಿಪಿಯತ್ತ ಬರೋಣ. ಇಂಗ್ಲಿಷಿಗೆಂದು ರೂಪಿಸಿದ ಸಲಕರಣೆಗಳು ಮುಗ್ಗರಿಸುವುದು ಇಲ್ಲಿಯೇ. ಡಿಸ್ಲೆಕ್ಸಿಯಾ ಎಂದೊಡನೆ ಜನಪ್ರಿಯ ಕಲ್ಪನೆಯಲ್ಲಿ ಮೂಡುವುದು ಇಂಗ್ಲಿಷಿನ ಬಿ ಮತ್ತು ಡಿ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಳ್ಳುವ ಚಿತ್ರ. ಇಂಗ್ಲಿಷಿಗೆ 26 ಅಕ್ಷರ. ಕನ್ನಡದ ಮಗು ಕಾಗುಣಿತ ಸೇರಿ ನೂರಾರು ಆಕೃತಿಗಳನ್ನು ಗುರುತಿಸಬೇಕು, ಮೇಲೆ ಒತ್ತಕ್ಷರಗಳು. ಬೆಂಗಳೂರಿನಲ್ಲಿ ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರ ಸಂಶೋಧನೆ 2007ರಲ್ಲಿ ಪ್ರಕಟವಾಯಿತು. ಅಕ್ಷರಗಳ ಪೂರ್ಣ ಪರಿಚಯ ಒಂದೆರಡು ವರ್ಷಕ್ಕೆ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ, ಪ್ರತಿ ಧ್ವನಿಯನ್ನು ಬಿಡಿಸಿ ಗುರುತಿಸುವ ಶಕ್ತಿಯೂ ನಿಧಾನವಾಗಿ ಮೂಡುತ್ತದೆ ಎಂಬುದು ಅದರ ಸಾರ. ಅಂದರೆ ಇಂಗ್ಲಿಷ್ ಅಳತೆಗೋಲಿನಿಂದ ಅಳೆದರೆ ಸಹಜವಾಗಿ ಕಲಿಯುತ್ತಿರುವ ಕನ್ನಡದ ಮಗು ಹಿಂದುಳಿದಂತೆ ಕಾಣಬಹುದು. ನಿಜವಾಗಿ ತೊಡಕಿರುವ ಮಗುವಿನ ತೊಡಕು ಬೇರೆಯದೇ ಜಾಗದಲ್ಲಿ, ಸ್ವರಚಿಹ್ನೆಯಲ್ಲೋ ಒತ್ತಕ್ಷರದಲ್ಲೋ ಇರಬಹುದು.

ಡಿಸ್ಲೆಕ್ಸಿಯಾ ಇರುವವರಿಗೆಂದೇ ಇಂಗ್ಲಿಷಿನಲ್ಲಿ ವಿಶೇಷ ಅಚ್ಚುಗಳಿವೆ. ಕನ್ನಡಕ್ಕೂ ಅಂಥದ್ದೊಂದು ಬೇಕೆಂದು ಉತ್ಸಾಹಿಗಳು ನನಗೆ ಬರೆಯುತ್ತಿರುತ್ತಾರೆ. ಆ ಅಚ್ಚುಗಳಿಂದ ಇಂಗ್ಲಿಷ್ ಓದಿನಲ್ಲೇ ಹೇಳಿಕೊಳ್ಳುವಂಥ ಸುಧಾರಣೆ ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸುವುದು ಕೆಲವು ಮಕ್ಕಳಿಗೆ ನೆರವಾಗುತ್ತದೆ. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುತ್ತದೆ, ಆದ್ದರಿಂದ ಸಾಲುಗಳ ನಡುವಿನ ಅಂತರಕ್ಕೆ ಹೆಚ್ಚು ಗಮನ ಬೇಕು ಎಂಬುದು ನನ್ನ ಅಭಿಪ್ರಾಯ. ಕಾಗದ ಉಳಿಸಲು ಸಾಲುಗಳನ್ನು ಹಿಂಡಿ ಅಚ್ಚು ಹಾಕಿದ ಪುಸ್ತಕದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇದಕ್ಕೆ ಕೃತಕ ಬುದ್ಧಿಮತ್ತೆ ಬೇಡ, ಅರ್ಧ ಸೆಂಟಿಮೀಟರ್ ಬಿಳಿ ಜಾಗ ಸಾಕು.

ಮುಂದಿನದು ನಿಮ್ಮ ವೃತ್ತಿಗೆ ನೇರ ಸಂಬಂಧಿಸಿದ್ದು. ಕುರುಡು ಮಗುವೊಂದು ಕಂಪ್ಯೂಟರಿನಲ್ಲಿ ಕನ್ನಡ ಓದುವುದು ಹೇಗೆ? ಪರದೆಯ ಮೇಲಿನ ಪಠ್ಯವನ್ನು ತಂತ್ರಾಂಶವೊಂದು ಗಟ್ಟಿಯಾಗಿ ಓದುತ್ತದೆ. ಇಂಥ ತಂತ್ರಾಂಶಗಳು ಬಹುಕಾಲ ದುಬಾರಿಯಾಗಿದ್ದವು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಮತ್ತು ಜೇಮ್ಸ್ ಟೆ ಎಂಬ ಇಬ್ಬರು ಕುರುಡ ಯುವಕರು ಸೇರಿ ಎನ್‌ವಿಡಿಎ ಎಂಬ ತಂತ್ರಾಂಶವನ್ನು ಕಟ್ಟತೊಡಗಿದರು. ಅದು ಉಚಿತ, ಅದರ ಮೂಲಸಂಕೇತವೂ ಮುಕ್ತ. ಅದರ ಜೊತೆಗೆ ಬರುವ ಇ-ಸ್ಪೀಕ್ ಧ್ವನಿ ಕನ್ನಡವನ್ನು ಯಂತ್ರದ ಹಾಗೆ ಓದುತ್ತದೆ. ಓದುತ್ತದೆ ಎಂಬುದು ಮುಖ್ಯ.

ಆದರೆ ಅದಕ್ಕೆ ಓದಲು ಪಠ್ಯ ಬೇಕು. ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿದೆ. ಹಾಗಿದ್ದೂ ಅದರ ನಂತರದ ಎರಡು ದಶಕಗಳಲ್ಲಿ ಕನ್ನಡದ ಪುಸ್ತಕ, ಸುತ್ತೋಲೆ, ಪ್ರಶ್ನೆಪತ್ರಿಕೆಗಳ ಬಹುಭಾಗ ಸಿದ್ಧವಾದದ್ದು ನುಡಿಯಂಥ ತಂತ್ರಾಂಶಗಳ ಹಳೆಯ ಅಚ್ಚು ಸಂಕೇತಗಳಲ್ಲಿ. ಅಂದಿನ ಕಂಪ್ಯೂಟರುಗಳಲ್ಲಿ ಕನ್ನಡ ಮೂಡಿಸಿದ ಶ್ರಮವದು, ಅದನ್ನು ಹೀಗಳೆಯಲಾರೆ. ಅಲ್ಲಿ ಕಣ್ಣಿಗೆ ಕಾಣುವುದು ಕನ್ನಡ; ಒಳಗೆ ಕೂತಿರುವುದು ಯುರೋಪಿನ ಲಿಪಿಯ ಸಂಕೇತಗಳು. ಕಣ್ಣಿರುವವರಿಗೆ ಈ ವ್ಯತ್ಯಾಸ ಎಂದೂ ತಿಳಿಯುವುದಿಲ್ಲ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕುರುಡು ಮಗುವಿನ ಕಿವಿಗೆ ಬೀಳುವುದು ಹೆಚ್ಚುಕಡಿಮೆ ಹೀಗೆ: ‘ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್, ಜರ್ಮನ್ನರ ಎಸ್ಸೆಟ್, ಕ್ಯೂ, ಎ ಗ್ರೇವ್’. ಪೌಂಡ್ ಎಂದರೆ ಬ್ರಿಟಿಷ್ ನಾಣ್ಯದ ಚಿಹ್ನೆ. ನಮ್ಮ ‘ನ’ಕಾರ ಅದರ ವೇಷದಲ್ಲಿದೆ. ಇಡೀ ಪುಸ್ತಕವನ್ನು ಹೀಗೆ ಕೇಳಿಸಿಕೊಳ್ಳುವ ಹನ್ನೆರಡು ವರ್ಷದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಯಾವ ಭಾಷಾಭಿಮಾನದ ಮೆರವಣಿಗೆಯಲ್ಲೂ ಈ ಪ್ರಶ್ನೆ ಎದ್ದದ್ದನ್ನು ನಾನು ಕಂಡಿಲ್ಲ. ನಾಮಫಲಕದಲ್ಲಿ ಕನ್ನಡ ಇದೆಯೇ ಎಂದು ಏಣಿ ಹಾಕಿ ನೋಡುವವರು ಕಡತದೊಳಗೆ ಕನ್ನಡ ಇದೆಯೇ ಎಂದು ಕೇಳುವುದಿಲ್ಲ.

ಹಳೆಯ ಸಂಕೇತವನ್ನು ಯೂನಿಕೋಡ್‌ಗೆ ಬದಲಿಸುವ ಉಪಕರಣಗಳನ್ನು ಕನ್ನಡದ ಸ್ವಯಂಸೇವಕರು ಬರೆದಿದ್ದಾರೆ. ಚಿತ್ರವಾಗಿ ಸ್ಕ್ಯಾನ್ ಆದ ಪುಟಗಳನ್ನು ಪಠ್ಯವಾಗಿಸುವ ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡವನ್ನೂ ಗುರುತಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಕೆಲಸ ನಡೆದಿದೆ. ಕೊರತೆ ಇರುವುದು ನಂತರದ ಹಂತದಲ್ಲಿ. ಯಂತ್ರ ಮಾಡಿದ ತಪ್ಪುಗಳನ್ನು, ವಿಶೇಷವಾಗಿ ಒತ್ತಕ್ಷರ, ದೀರ್ಘ, ಅರ್ಕಾವತ್ತುಗಳನ್ನು, ಕೂತು ತಿದ್ದುವ ಕೈಗಳು ಬೇಕು. ಚಿತ್ರಗಳಿಗೆ ವಿವರಣೆ ಬರೆಯಬೇಕು, ಕೋಷ್ಟಕಗಳನ್ನು ಓದಲು ಬರುವಂತೆ ಜೋಡಿಸಬೇಕು. ‘ಮೇಲಿನ ಚಿತ್ರವನ್ನು ನೋಡಿ ಉತ್ತರಿಸಿ’ ಎಂಬ ಪ್ರಶ್ನೆಗೆ ಚಿತ್ರದ ವಿವರಣೆ ಇಲ್ಲದಿದ್ದರೆ ಆ ಅಂಕ ಆ ಮಗುವಿಗೆ ಮೊದಲೇ ಹೋದಂತೆ. ಇದು ಬೇಸರದ, ಹೆಸರು ತರದ ಕೆಲಸ, ರಿಬ್ಬನ್ ಕತ್ತರಿಸಲು ಏನೂ ಸಿಗುವುದಿಲ್ಲ.

ಕೃತಿಸ್ವಾಮ್ಯದ ತೊಡಕಾಗದೇ ಎಂದು ಕೇಳುವಿರಿ. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ, ಅಂಗವಿಕಲರು ಓದಬಹುದಾದ ರೂಪಕ್ಕೆ ಪುಸ್ತಕವನ್ನು ಲಾಭದ ಉದ್ದೇಶವಿಲ್ಲದೆ ಬದಲಿಸುವುದನ್ನು ಅನುಮತಿಸುತ್ತದೆ. 2013ರಲ್ಲಿ ಮೊರಾಕೊದ ಮರ್ರಾಕೇಶಿನಲ್ಲಿ ಆದ ಒಪ್ಪಂದ ಇಂಥ ಪುಸ್ತಕಗಳು ದೇಶದ ಗಡಿ ದಾಟಲು ದಾರಿ ಮಾಡಿತು. ಅದನ್ನು 2014ರಲ್ಲಿ ಮೊದಲು ಅನುಮೋದಿಸಿದ ದೇಶ ಭಾರತ. ಅಮೆರಿಕ 2019ರಲ್ಲಿ ಸೇರಿಕೊಂಡಿತು. ಭಾರತದಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯ 2016ರಿಂದ ಇದೆ. ಎಂದರೆ ಫ್ರೀಮಾಂಟಿನಲ್ಲಿರುವ ಕುರುಡು ಕನ್ನಡ ಮಗುವಿಗೂ ಕಲಬುರಗಿಯ ಮಗುವಿಗೂ ಒಂದೇ ಪುಸ್ತಕ, ಅಧಿಕೃತ ಸಂಸ್ಥೆಗಳ ಮೂಲಕ, ಕಾನೂನುಬದ್ಧವಾಗಿ ಸಿಗಬಹುದು. ಕಾನೂನಿನ ಬಾಗಿಲು ತೆರೆದಿದೆ, ಒಳಗಿನ ಕನ್ನಡದ ಕಪಾಟು ತುಂಬಬೇಕಿದೆ.

ಮಾತನ್ನು ಬರಹವಾಗಿಸುವ ತಂತ್ರಜ್ಞಾನದ ಬಗ್ಗೆ ನನಗೆ ಆಸೆಯೂ ಇದೆ, ಅಂಜಿಕೆಯೂ ಇದೆ. ಬರೆಯಲು ಕಷ್ಟಪಡುವ ಮಗುವಿಗೆ ಇದು ವರ. ಆದರೆ ಯಾರ ಕನ್ನಡವನ್ನು ಯಂತ್ರ ಕನ್ನಡವೆಂದು ಗುರುತಿಸುತ್ತದೆ? ‘ಮನಿ’, ‘ಹೊಂಟೀನಿ’ ಎನ್ನುವ ಮಗುವಿನ ಮಾತನ್ನು ಅದು ತಿದ್ದುತ್ತದೆಯೇ, ಕೇಳಿಸಿಕೊಳ್ಳುತ್ತದೆಯೇ? ‘ಹಕ್ಕಿ’ಯನ್ನು ‘ಅಕ್ಕಿ’ ಎಂದು ಉಚ್ಚರಿಸುವ ಮಗುವನ್ನು ನಮ್ಮ ಶಾಲೆಗಳು ಎದ್ದು ನಿಲ್ಲಿಸಿ ನಕ್ಕಿವೆ. ಆ ನಗುವಿಗೆ ಜಾತಿಯ ವಾಸನೆ ಇತ್ತು. ಶಿಷ್ಟ ಕನ್ನಡವನ್ನು ಮಾತ್ರ ಕೇಳಿ ಬೆಳೆದ ಯಂತ್ರ ಅದೇ ನಗುವನ್ನು ದಣಿವಿಲ್ಲದೆ, ಪ್ರತಿ ಶಾಲೆಯಲ್ಲೂ, ಪ್ರತಿ ದಿನವೂ ನಗಬಲ್ಲದು. ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ ನಡೆಸುತ್ತಿರುವ ‘ವಾಣಿ’ ಯೋಜನೆ ದೇಶದ ಜಿಲ್ಲೆಜಿಲ್ಲೆಗಳಿಂದ ಮಾತಿನ ಮಾದರಿ ಸಂಗ್ರಹಿಸಿ ಮುಕ್ತವಾಗಿ ಹಂಚುವ ಗುರಿ ಇಟ್ಟುಕೊಂಡಿದೆ. ಇದು ಸರಿಯಾದ ದಿಕ್ಕು. ಅದಕ್ಕೆ ಮಕ್ಕಳ ಧ್ವನಿ ಸೇರಬೇಕು, ತೊದಲುವವರ, ಉಚ್ಚಾರ ಅಸ್ಪಷ್ಟವಾಗಿರುವವರ ಧ್ವನಿ ಸೇರಬೇಕು. ಆ ಧ್ವನಿಗಳ ಒಡೆತನ ಯಾರದೆಂಬ ಪ್ರಶ್ನೆಯನ್ನೂ ಆಗಲೇ ಕೇಳಬೇಕು.

ಕಿವುಡ ಮಕ್ಕಳ ವಿಷಯವನ್ನು ಚಿಕ್ಕದಾಗಿ ಮುಟ್ಟುತ್ತೇನೆ, ಅದರ ಬಗ್ಗೆ ಮಾತನಾಡಬೇಕಾದವರು ಅವರೇ. ಭಾರತೀಯ ಸಂಕೇತ ಭಾಷೆಯ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾದದ್ದು 2015ರಷ್ಟು ತಡವಾಗಿ; ಅದರ ನಿಘಂಟು 2018ರಲ್ಲಿ 3,000 ಪದಗಳಿಂದ ಹೊರಟು 2021ರಲ್ಲಿ 10,000ಕ್ಕೆ ಮುಟ್ಟಿತು. ಅಡಿಬರಹದ ಬಗ್ಗೆ ಮಾತ್ರ ಒಂದು ಮಾತು. 1996ರಲ್ಲಿ ಅಹಮದಾಬಾದಿನ ಐಐಎಂನಲ್ಲಿ ಬ್ರಿಜ್ ಕೊಠಾರಿ ಅವರು ಚಿತ್ರಗೀತೆಗಳಿಗೆ ಅದೇ ಭಾಷೆಯಲ್ಲಿ ಅಡಿಬರಹ ಹಾಕುವ ಪ್ರಯೋಗ ಶುರುಮಾಡಿದರು. ಹಾಡು ಕೇಳುತ್ತಲೇ ಪದ ಕಣ್ಣಿಗೆ ಬಿದ್ದು ಅರ್ಧಂಬರ್ಧ ಓದುವವರ ಓದು ಗಟ್ಟಿಯಾಗುತ್ತದೆ. ಕಿವುಡರಿಗೂ ಅದೇ ಸಾಲು ಉಪಯೋಗ. ಖರ್ಚು ಅತ್ಯಲ್ಪ. ನಮ್ಮ ಕನ್ನಡ ಕೂಟಗಳ ಯೂಟ್ಯೂಬ್ ಉಪನ್ಯಾಸಗಳಲ್ಲಿ ಕನ್ನಡ ಅಡಿಬರಹ ಇರುವವು ಎಷ್ಟು?

‘ಕಲಿಕಾ ಶೈಲಿ’ಯ ಮಾರಾಟಗಾರರಿಂದ ದೂರವಿರಿ ಎಂದೂ ಹೇಳಬೇಕು. ನಿಮ್ಮ ಮಗು ಕಣ್ಣಿನಿಂದ ಕಲಿಯುವುದೋ, ಕಿವಿಯಿಂದಲೋ, ಮೈಯಿಂದಲೋ ಎಂದು ಪರೀಕ್ಷಿಸಿ ಅದಕ್ಕೊಪ್ಪುವ ಆ್ಯಪ್ ಕೊಡುತ್ತೇವೆ ಎನ್ನುವವರು ಬೆಂಗಳೂರಿನಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಹೀಗೆ ಹೊಂದಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ಪರಾಮರ್ಶಿಸಿ ತೋರಿಸಿದ್ದಾರೆ. ಕುರುಡು ಮಗು ಕಿವಿಯಿಂದ ಓದುವುದು ಶೈಲಿಯಲ್ಲ, ಅದರ ಹಕ್ಕು. ಇವೆರಡನ್ನು ಬೆರೆಸುವುದರಿಂದ ಲಾಭವಾಗುವುದು ಮಾರುವವರಿಗೆ.

ಭಾರತದ ಕಾನೂನಿನ ಬಗ್ಗೆ ಒಂದಿಷ್ಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸುತ್ತದೆ. ನಿರ್ದಿಷ್ಟ ಕಲಿಕಾ ತೊಡಕು ಮೊದಲ ಬಾರಿಗೆ ಆ ಪಟ್ಟಿ ಸೇರಿತು. ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹಕ್ಕಿನ ಮುಂದೆ ಪ್ರಮಾಣಪತ್ರ ನಿಂತಿದೆ. ಪ್ರಮಾಣಪತ್ರಕ್ಕೆ ಮನಶ್ಶಾಸ್ತ್ರಜ್ಞರು ಬೇಕು, ಅವರಿಗೆ ಕನ್ನಡದಲ್ಲಿ ಪರೀಕ್ಷಿಸಲು ಬರಬೇಕು, ತಾಯಿ ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಎರಡು ಮೂರು ಬಾರಿ ಬಸ್ಸು ಹತ್ತಬೇಕು. ಬೆಂಗಳೂರಿನ ಮಧ್ಯಮವರ್ಗದ ಮಗುವಿಗೆ ಡಿಸ್ಲೆಕ್ಸಿಯಾ ಇರುತ್ತದೆ. ಸುರಪುರದ ಕೂಲಿಕಾರರ ಮಗು ದಡ್ಡ ಆಗಿಯೇ ಉಳಿಯುತ್ತದೆ. ಇದಕ್ಕಾಗಿಯೇ ಪ್ರಮಾಣಪತ್ರ ಕೇಳದ ಬದಲಾವಣೆಗಳ ಮೇಲೆ ನಾನು ಇಷ್ಟು ಹೊತ್ತು ಮಾತನಾಡಿದ್ದು. ಯೂನಿಕೋಡ್ ಪಠ್ಯಕ್ಕೆ, ಅಡಿಬರಹಕ್ಕೆ, ಅಗಲವಾದ ಸಾಲಿಗೆ, ತನ್ನ ಮೆಟ್ಟಿಲಿನಿಂದ ಹತ್ತುವ ಏಣಿಗೆ ಯಾವ ವೈದ್ಯರ ಸಹಿಯೂ ಬೇಕಿಲ್ಲ.

ಹಾಗಾದರೆ ಪರದೆ ಕೊಡಿಸಬಾರದೇ ಎಂದು ಕೇಳಿದರೆ, ಕೊಡಿಸುವ ಮೊದಲು ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ಎನ್ನುತ್ತೇನೆ. ಶಾಲೆಯಲ್ಲಿ ಕಾಣದ, ಕೇಳಿಸದ, ಓದಲು ತೊಡಕಿರುವ ಮಕ್ಕಳು ಯಾರಿದ್ದಾರೆ, ಅವರು ಎಲ್ಲಿ ಕೂರುತ್ತಾರೆ, ಅವರನ್ನು ನೋಡಲು ತಾಲೂಕಿನ ಸಂಪನ್ಮೂಲ ಶಿಕ್ಷಕರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಆ ಹುದ್ದೆ ಭರ್ತಿಯಾಗಿದೆಯೇ ಎಂದು ಕೇಳಿ. ಹುದ್ದೆ ಖಾಲಿ ಇದ್ದರೆ ನಮ್ಮ ಡಾಲರು ಅದನ್ನು ತುಂಬಲಾರದು, ತುಂಬಬಾರದು ಕೂಡ. ಆದರೆ ನಮ್ಮ ಪತ್ರ, ನಮ್ಮ ಮಾಹಿತಿ ಹಕ್ಕಿನ ಅರ್ಜಿ, ಶಾಸಕರು ಇಲ್ಲಿಗೆ ಪ್ರವಾಸ ಬಂದಾಗ ಹಾರದ ಬದಲು ನಾವು ಕೇಳುವ ಪ್ರಶ್ನೆ ಆ ಕೆಲಸವನ್ನು ಒಂದಿಷ್ಟು ಮಾಡಬಲ್ಲವು.

ಚಹಾದ ಮೇಜಿನ ಪಕ್ಕ ಒಂದು ಲ್ಯಾಪ್‌ಟಾಪ್ ಇಟ್ಟಿದ್ದೇನೆ, ಅದರಲ್ಲಿ ಎನ್‌ವಿಡಿಎ ಇದೆ. ನಿಮ್ಮ ಬಳಿ ಇರುವ ಯಾವುದೇ ಕನ್ನಡ ಪಿಡಿಎಫ್ ಅನ್ನು ಅದರಲ್ಲಿ ತೆರೆದು, ಕಣ್ಣು ಮುಚ್ಚಿ ಒಂದು ಪುಟ ಕೇಳಿಸಿಕೊಳ್ಳಬಹುದು. ನಮ್ಮದೇ ಕೂಟದ ಕಳೆದ ವರ್ಷದ ಸ್ಮರಣ ಸಂಚಿಕೆಯಿಂದ ಶುರುಮಾಡೋಣ. ಮಧ್ಯಾಹ್ನ ನಾನು ಪರೀಕ್ಷಿಸಿದಾಗ ಅದರ ಮೊದಲ ಪುಟ ‘ಪೌಂಡ್, ಎ ಗ್ರೇವ್’ ಎಂದೇ ಓದಿಕೊಳ್ಳುತ್ತಿತ್ತು. ಅದನ್ನು ಯೂನಿಕೋಡ್‌ಗೆ ತಂದು ತಿದ್ದಲು ನಾಲ್ಕೈದು ಜನ ಬೇಕು. ಹೆಸರು ಬರೆಯಲು ಅಲ್ಲೇ ಒಂದು ಹಾಳೆ ಇಟ್ಟಿದ್ದೇನೆ.